ಕರೆಗೆ ಹೋಗ್ಬೇಡಿ

ಯಾರಾದರೂ ಇಂಥ ಕಥೆ ಹೇಳಲು ಶುರು ಮಾಡಿದರೆ ನಾನು ಮೊದಲು ಕೇಳುತ್ತಿದ್ದದ್ದು, "ಆ ದಿನ ಎಷ್ಟು ಹಾಕಿದ್ದಿರಿ?" ಅಂತ. ದೈವದ ಕೋಲಕ್ಕೆ ಹೋಗುತ್ತೇನೆ, ಕೈಮುಗಿಯುತ್ತೇನೆ, ಅದು ಬೇರೆ ವಿಷಯ. ಆದರೆ ಯಾರಿಗೋ ತಿರುವಿನಲ್ಲಿ ಬಿಳಿ ಸೀರೆ ಕಂಡಿತು, ಯಾರನ್ನೋ ಹೆಸರು ಹಿಡಿದು ಕರೆದ ಹಾಗಾಯಿತು ಎಂದರೆ ನನಗೆ ನಗು ಬರುತ್ತಿತ್ತು. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ನಾನು. ಮಕ್ಕಳ ನೆಪಗಳನ್ನು ಕೇಳಿ ಕೇಳಿ ದೊಡ್ಡವರ ನೆಪಗಳೂ ಬೇಗ ಗೊತ್ತಾಗುತ್ತವೆ ಎಂಬ ಸಣ್ಣ ಅಹಂಕಾರ ನನಗಿತ್ತು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ, ಬೇಸರವಿಲ್ಲ.

ಆ ರಸ್ತೆಯ ಬಗ್ಗೆ ಮೊದಲು ಹೇಳಬೇಕು. ಕಡಬದ ಹತ್ತಿರದಿಂದ ಒಳಗೆ ಹೋಗುವ ಒಂದು ಡಾಮರು ರಸ್ತೆ ಹೊಳೆಯ ತನಕ ಬಂದು, ಕಿಂಡಿ ಅಣೆಕಟ್ಟಿನ ಮೇಲಿನ ಸಪೂರ ಸೇತುವೆ ದಾಟಿ ಒಂದು ಕುದ್ರುವಿಗೆ ಹತ್ತುತ್ತದೆ. ಹೊಳೆಯ ನಡುವೆ ಸುತ್ತಲೂ ನೀರಿರುವ ನೆಲಕ್ಕೆ ನಮ್ಮಲ್ಲಿ ಕುದ್ರು ಎಂದು ಹೆಸರು. ಕುದ್ರುವಿನ ಉದ್ದಕ್ಕೂ ಎರಡು ಕಿಲೋಮೀಟರು ಓಡುವ ರಸ್ತೆ ಆಚೆ ತುದಿಯಲ್ಲಿ ದೋಣಿ ಹತ್ತುವ ಕಡವಿನ ಮೆಟ್ಟಿಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ದೋಣಿ. ಎದುರಿನ ದಡದಲ್ಲಿ ಅದೇ ರಸ್ತೆ ಮತ್ತೆ ಶುರುವಾಗಿ ಸುಳ್ಯದ ಕಡೆಗೆ ಹೋಗುತ್ತದೆ. ನಕ್ಷೆಯಲ್ಲಿ ನೋಡಿದರೆ ಒಂದೇ ಗೆರೆ, ನೀರಿನ ಮೇಲೂ ಎಳೆದಿದ್ದಾರೆ. ಕಡವಿನ ಮೆಟ್ಟಿಲ ಮೇಲೆ ನಿಂತರೂ ಮೊಬೈಲಿನ ಮ್ಯಾಪಿನೊಳಗಿನ ಹೆಂಗಸು "ನೇರವಾಗಿ ಮುಂದುವರಿಯಿರಿ" ಅನ್ನುತ್ತಾಳೆ.

ಚಂದ ಮಾತ್ರ ಹೇಳಿ ಮುಗಿಯದು. ಎರಡೂ ಬದಿಯ ಬಿದಿರು ಮೇಲೆ ಬಾಗಿ ಒಂದಕ್ಕೊಂದು ತಾಗಿವೆ, ಅದರ ಸಂದಿಯಲ್ಲಿ ಎಡಕ್ಕೂ ಹೊಳೆ, ಬಲಕ್ಕೂ ಹೊಳೆ. ಮದುವೆ ನಿಶ್ಚಯವಾದ ಜೋಡಿಗಳು ಕ್ಯಾಮೆರಾದವರನ್ನು ಕಟ್ಟಿಕೊಂಡು ಬಂದು ಆ ಬಿದಿರಿನ ಕೆಳಗೆ ಓಡುತ್ತವೆ, ಬೀಳುತ್ತವೆ, ಮತ್ತೆ ಓಡುತ್ತವೆ. ಕುದ್ರುವಿನ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಹೇಳಿದರೆ ಬರುವ ಭಾನುವಾರ ಅಲ್ಲಿ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮಗೆಲ್ಲ ಮನೆಮನೆ ಸಮೀಕ್ಷೆಯ ಕೆಲಸ ಬಂತು. ಕುದ್ರುವಿನ ಮನೆಗಳು ನನ್ನ ಮತ್ತು ಕಸ್ತೂರಿ ಟೀಚರ ಪಾಲಿಗೆ ಬಿದ್ದವು. ಕಸ್ತೂರಿ ಟೀಚರ್ ಬಾಗಲಕೋಟೆ ಕಡೆಯವರು, ನಮ್ಮ ಶಾಲೆಗೆ ಬಂದು ಎರಡು ವರ್ಷವಾಗಿತ್ತು. ಗಂಡ ಊರಿನಲ್ಲಿ ನೌಕರಿಯಲ್ಲಿದ್ದರು. ಇವರು ಒಂಬತ್ತು ತಿಂಗಳ ಹೆಣ್ಣುಮಗು ಕಟ್ಟಿಕೊಂಡು ಕಡಬದಲ್ಲಿ ಬಾಡಿಗೆ ಕೋಣೆಯಲ್ಲಿದ್ದರು. ಶಾಲೆಗೆ ಬರುವಾಗ ಮಗುವನ್ನು ಮನೆಯ ಯಜಮಾನಿ ನೋಡಿಕೊಳ್ಳುತ್ತಿದ್ದರು. ಮಗು ಇನ್ನೂ ತಾಯಿಯ ಹಾಲನ್ನೇ ನಂಬಿತ್ತು. ಬಾಟಲಿ ಕಂಡರೆ ಮುಖ ತಿರುಗಿಸುತ್ತದೆ ಎಂದು ಟೀಚರ್ ಸ್ಟಾಫ್ ರೂಮಿನಲ್ಲಿ ಯಾವಾಗಲೂ ಹೇಳುತ್ತಿದ್ದರು.

ಬೆಳಿಗ್ಗೆ ನನ್ನ ಸ್ಕೂಟರಿನಲ್ಲೇ ಹೋದೆವು. ಕುದ್ರುವಿನಲ್ಲಿ ನೆಟ್‌ವರ್ಕ್ ಇಲ್ಲ. ಒಂದು ಮನೆಯ ಮಾಹಿತಿ ತುಂಬಿಸಿ ಒಟಿಪಿ ಬರಬೇಕಾದರೆ ಮನೆಯವರೂ ನಾವೂ ಸೇರಿ ಕಡವಿನ ಹತ್ತಿರ ಒಂದು ದನದ ಹಟ್ಟಿಯ ಹಿಂದಿನ ಬಂಡೆ ಹತ್ತಿ ಮೊಬೈಲನ್ನು ಆಕಾಶಕ್ಕೆ ತೋರಿಸಬೇಕು. ಮೂರು ಗಂಟೆಗೆ ಇನ್ನೂ ನಾಲ್ಕು ಮನೆ ಬಾಕಿ ಇತ್ತು. ಟೀಚರ್ ಕೈಗಡಿಯಾರ ನೋಡಿ, "ಉಳದದ್ದು ನಾಳೆ ಮಾಡೂಣ್ರಿ ಸರ. ಕೂಸು ಅಳ್ತಿರತೈತಿ" ಎಂದರು. ನಾನು ಕೇಳಲಿಲ್ಲ. ನಾಳೆ ಮತ್ತೆ ಇಷ್ಟು ದೂರ ಬರಲು ನನಗೆ ಉದಾಸೀನ. "ಇನ್ನೊಂದು ಗಂಟೆ ಟೀಚರೇ, ಮುಗಿಸಿಯೇಬಿಡುವ" ಎಂದೆ. ಹಿರಿಯರು ಹೇಳಿದ್ದಕ್ಕೆ ಅವರು ಎದುರು ಮಾತಾಡಲಿಲ್ಲ. ಮುಂದೆ ಆದದ್ದಕ್ಕೆಲ್ಲ ನನ್ನ ಈ ಒಂದು ಗಂಟೆಯೇ ಮೂಲ. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಐದೂಕಾಲಿಗೆ ಕೆಲಸ ಮುಗಿಸಿ ಸೇತುವೆಗೆ ಬಂದು ನೋಡಿದರೆ ಸೇತುವೆಯೇ ಇಲ್ಲ. ನಮ್ಮ ತಲೆಯ ಮೇಲೆ ಬಿಸಿಲು, ಒಂದು ಹನಿ ಮಳೆ ಇಲ್ಲ. ಘಟ್ಟದಲ್ಲಿ ಎಲ್ಲೋ ಜೋರಾಗಿ ಹೊಡೆದಿರಬೇಕು. ಹೊಳೆ ಚಾದ ಬಣ್ಣಕ್ಕೆ ತಿರುಗಿ ಅಣೆಕಟ್ಟಿನ ಮೇಲಿಂದ ಮೊಣಕಾಲೆತ್ತರಕ್ಕೆ ಹರಿಯುತ್ತಿತ್ತು. ಒಂದು ಇಡೀ ಬಾಳೆಗಿಡ ಗೊನೆ ಸಮೇತ ತೇಲಿ ಬಂದು ಕಂಬಿಗೆ ಬಡಿದು ಎರಡಾಗಿ ಹೋಯಿತು. ಕಾಲಿಡುವ ಮಾತೇ ಇರಲಿಲ್ಲ. ಟೀಚರ್ ಸ್ಕೂಟರಿನಿಂದ ಇಳಿದು ಸ್ವಲ್ಪ ಹೊತ್ತು ನೋಡಿದರು. "ಆಚೀಗೆ ದೋಣಿ ಐತೆಲ್ರಿ ಸರ?" ಎಂದರು. ಅವರ ಚೂಡಿದಾರದ ಎದೆ ಹಾಲಿನಿಂದ ಒದ್ದೆಯಾಗಿತ್ತು. ದುಪ್ಪಟ್ಟಾ ಮುಚ್ಚಿಕೊಂಡರು. ನಾನು ಬೇರೆ ಕಡೆ ನೋಡಿದೆ.

ಕಡವಿನ ಬಳಿ ಕುಸುಮಕ್ಕನ ಗೂಡಂಗಡಿ ಇದೆ. ಎಪ್ಪತ್ತರ ಹೆಂಗಸು, ಫೋಟೋ ತೆಗೆಸಲು ಬರುವ ಜೋಡಿಗಳಿಗೆ ಸೋಡಾ, ಮಜ್ಜಿಗೆ ಮಾರುತ್ತಾರೆ. ಅಂಗಡಿಯ ಹಿಂದೆಯೇ ಮನೆ, ಮನೆ ತುಂಬ ಜನ. ಬೆಳಿಗ್ಗೆ ಅವರ ಮನೆಯ ಸಮೀಕ್ಷೆಯನ್ನು ನಾನೇ ಮಾಡಿದ್ದೆ, ನನ್ನೊಡನೆ ಪೂರ್ತಿ ತುಳುವಿನಲ್ಲೇ ಮಾತಾಡಿದ್ದರು. ನಾವು ಹೋಗುವಾಗ ಅವರು ಹಲಗೆ ಇಟ್ಟು ಅಂಗಡಿ ಮುಚ್ಚುತ್ತಿದ್ದರು. ದೋಣಿಯವನ ಮನೆ ಎದುರು ದಡದಲ್ಲಿ. ಇಲ್ಲಿಂದ ಕೂ ಹಾಕಿದರೆ ಅವನು ಬರುತ್ತಾನೆ. ಆಚೆ ದಡದಿಂದ ಏಳು ಗಂಟೆಗೆ ಕೊನೆಯ ಬಸ್ಸು ಇತ್ತು.

ಕುಸುಮಕ್ಕ ಟೀಚರ ಮುಖ ನೋಡಿ ಕನ್ನಡಕ್ಕೆ ಬಂದರು. "ಇವತ್ತು ದೋಣಿ ಬರುದು ಡೌಟು. ಬೇಕಾದ್ರೆ ಒಂದೆರಡು ಕೂ ಹಾಕಿ ನೋಡಿ. ಬರದಿದ್ರೆ ಇಲ್ಲಿಗೆ ಬನ್ನಿ, ಊಟ ಉಂಟು, ಚಾಪೆ ಉಂಟು. ಹೊತ್ತು ಮುಳುಗ್ತಾ ಬಂತು, ಕರೆಗೆ ಮಾತ್ರ ಹೋಗ್ಬೇಡಿ ಆಯ್ತಾ." ಅಷ್ಟು ಹೇಳಿ ದೀಪ ಹಚ್ಚಲು ಒಳಗೆ ಹೋದರು.

ನಾಲ್ಕು ಹೆಜ್ಜೆ ನಡೆದ ಮೇಲೆ ಟೀಚರ್ ಕೇಳಿದರು. "ಕರೆಗೆ ಹೋಗಬ್ಯಾಡ್ರಿ ಅಂದ್ರ? ಯಾರ ಕರೀತಾರ್ರಿ ಇಲ್ಲಿ?"

ನನಗೆ ಎಲ್ಲಿಲ್ಲದ ಉತ್ಸಾಹ ಬಂತು. ಕನ್ನಡ ಮಾಸ್ಟ್ರಿಗೆ ಇನ್ನೆಂತ ಬೇಕು? "ಅಲ್ಲ ಟೀಚರೇ, ಇಲ್ಲಿ ಕರೆ ಅಂದ್ರೆ ಕೂಗುದಲ್ಲ, ದಡ. ಹೊಳೆಕರೆ ಅಂತ ಹೇಳುದಿಲ್ವಾ? ಕಂಬಳದಲ್ಲಿ ಜೋಡುಕರೆ ಅಂತ ಕೇಳಿದ್ದೀರಲ್ಲ, ಆ ಕರೆ. ನೀರಿನ ಅಂಚಿಗೆ ಹೋಗ್ಬೇಡಿ, ಜಾರುತ್ತದೆ ಅಂತ ಅವರು ಹೇಳಿದ್ದು." ತುಳುವಿನ ಕರೆ, ಮಲಯಾಳದ ಕರ ಎಂದು ಒಂದು ಪೀರಿಯಡ್ಡಿಗಾಗುವಷ್ಟು ಪಾಠ ಮಾಡಿದೆ. ಅವರು ತಲೆಯಾಡಿಸಿದರು. ಆ ಹೊತ್ತಿಗೆ ಅವರಿಗೆ ಪದದ ಅರ್ಥ ಕಟ್ಟಿಕೊಂಡು ಆಗಬೇಕಾದ್ದೇನೂ ಇರಲಿಲ್ಲ.

ಕುಸುಮಕ್ಕನ ಮಾತನ್ನು ನಾನು ಮೀರಲಿಲ್ಲ, ಇದನ್ನು ದಯವಿಟ್ಟು ನೆನಪಿಡಿ. ಕಡವಿನ ಮೆಟ್ಟಿಲುಗಳ ತಲೆಯಲ್ಲಿ ಮುರಕಲ್ಲಿನ ಕಟ್ಟೆ ಇದೆ, ನೀರಿನಿಂದ ಹದಿನೈದು ಮೆಟ್ಟಿಲು ಮೇಲೆ. ಅಲ್ಲೇ ನಿಂತೆವು. "ನಾವು ಕರೆಗೆ ಇಳಿಯುದೇ ಬೇಡ" ಎಂದು ತಮಾಷೆ ಬೇರೆ ಮಾಡಿದೆ. ಹೊಳೆ ಅಲ್ಲಿ ಅಗಲ, ಶಬ್ದ ಕಡಿಮೆ, ಆದರೆ ನೀರು ದಪ್ಪವಾಗಿ ಒಂದೇ ಸಮನೆ ಸರಿಯುತ್ತಿತ್ತು. ಎದುರು ದಡದಲ್ಲಿ ದೀಪ ಇರಲಿಲ್ಲ. ಹಿಂದೆ ಸೇತುವೆ ಮುಳುಗಿದೆ, ಮುಂದೆ ದೋಣಿ ಇಲ್ಲ, ಎಡಬಲ ಹೊಳೆ. ಬೆಳಿಗ್ಗೆಯಿಂದ ಚಂದ ಕಂಡ ಆ ರಸ್ತೆ ಆಗ ನನಗೆ ಎರಡೂ ಬಾಯಿ ಕಟ್ಟಿದ ಗೋಣಿಯ ಹಾಗೆ ಕಂಡಿತು. ಪಕ್ಕದಲ್ಲಿ ಟೀಚರ್ ಸದ್ದಿಲ್ಲದೆ ಅಳುತ್ತಿದ್ದರು.

ಬಾಯಿಗೆ ಕೈ ಅಡ್ಡ ಹಿಡಿದು ಒಂದು ಕೂ ಹಾಕಿದೆ. ಏನೂ ಇಲ್ಲ. ಎರಡನೆಯದಕ್ಕೆ ಆಚೆಯಿಂದ ಕೂ ಬಂತು.

"ನೋಡಿ, ಓಗೊಟ್ಟ" ಎಂದೆ. ಮರುಕ್ಷಣ ಗಂಡಸಿನ ಸ್ವರ, ಸ್ಪಷ್ಟ ತುಳು. "ಬಲೆ ಮಾಸ್ಟ್ರೇ, ಬಲೆ. ನೀರ್ ಜತ್ತ್ಂಡ್." ಬನ್ನಿ ಮಾಸ್ಟ್ರೇ, ನೀರು ಇಳಿದಿದೆ ಅಂತ. ನಾನು ಮಾಸ್ಟ್ರು ಎಂದು ಅವನಿಗೆ ಹೇಗೆ ಗೊತ್ತು ಎಂಬ ಯೋಚನೆ ನನಗೆ ಬರಲಿಲ್ಲ. ಟೀಚರಿಗೆ ಅರ್ಥ ಹೇಳಲು ತಿರುಗಿದೆ. ಅವರೇ ಹೇಳಿದರು, "ತಿಳೀತ್ರಿ ಸರ. ದೋಣಿಯವ್ರು ನಮ್ ಕಡೆಯವ್ರ ಅದಾರೇನ್ರಿ? 'ನೀರ ಇಳದೈತಿ, ಬಾರವಾ' ಅಂದ್ರಲ್ಲ. ಥೇಟ್ ನಮ್ಮೂರ ಮಾತ."

ಒಂದೇ ಸ್ವರ, ಒಂದೇ ಸಲ ಕೇಳಿದ್ದು. ನನಗೆ ತುಳು, ಅವರಿಗೆ ಬಾಗಲಕೋಟೆ. ಆಗ ಇಬ್ಬರಲ್ಲಿ ಒಬ್ಬರಿಗೆ ಸರಿ ಕೇಳಿಸಲಿಲ್ಲ ಎಂದುಕೊಂಡೆ, ಅಷ್ಟೆ. ಸ್ವರ ಮತ್ತೆ ಬಂತು. ಗದರುವುದಲ್ಲ, ಬೇಡುವುದಲ್ಲ. ಅಂಗಳದಲ್ಲಿ ನಿಂತ ನೆಂಟರನ್ನು ಒಳಗೆ ಕರೆಯುವ ಹಾಗೆ.

ಆಮೇಲಿನದನ್ನು ನಾನು ಕಂಡ ಹಾಗೆ ಹೇಳುತ್ತೇನೆ. ಹೊಳೆಯ ಸದ್ದು ನಿಂತಿತು. ನಿಜಕ್ಕೂ ನಿಂತಿತು, ಫ್ಯಾನು ಬಂದ್ ಮಾಡಿದ ಹಾಗೆ. ನೋಡುವಾಗ ಕಸ್ತೂರಿ ಟೀಚರ್ ನನ್ನ ಮುಂದೆ ನೀರಿನಲ್ಲಿದ್ದಾರೆ. ಸೊಂಟದವರೆಗೆ, ನಂತರ ಹೆಗಲಿನವರೆಗೆ. ತಿರುಗಿ ನೋಡದೆ ನಡೆಯುತ್ತಿದ್ದಾರೆ, ಜಡೆ ನೀರಿನ ಮೇಲೆ ತೇಲುತ್ತಿದೆ. ನಾನು ಮೆಟ್ಟಿಲು ಇಳಿದದ್ದು ನೆನಪಿಲ್ಲ. ಬಲಗೈ ಚಾಚಿ ಅವರ ಕೈ ಹಿಡಿದೆ. ತಣ್ಣಗಿತ್ತು. ಎಳೆದೆ, ಅವರು ಬರಲಿಲ್ಲ. ಮತ್ತೆ ಎಳೆದೆ. ಒಂಬತ್ತು ತಿಂಗಳ ಮಗು, ಊರಿನವರಿಗೆ ಏನು ಹೇಳಲಿ, ದೇವರೇ, ಇಷ್ಟೇ ತಲೆಯಲ್ಲಿದ್ದದ್ದು. ಇದ್ದಕ್ಕಿದ್ದಂತೆ ಬೆನ್ನು ಮೆಟ್ಟಿಲಿಗೆ ಬಡಿಯಿತು, ಹೊಳೆಯ ಸದ್ದು ಕಿವಿಗೆ ನುಗ್ಗಿತು. ಇಬ್ಬರೂ ಮೆಟ್ಟಿಲ ಮೇಲೆ ಬಿದ್ದು ಏದುಸಿರು ಬಿಡುತ್ತಿದ್ದೆವು.

"ಹುಚ್ಚಾ ಟೀಚರೇ ನಿಮಗೆ?" ಎಂದು ಕಿರುಚಿದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಎದ್ದು ಮೆಟ್ಟಿಲು ಹತ್ತತೊಡಗಿದರು.

ಕುಸುಮಕ್ಕ ಒದ್ದೆ ಬಟ್ಟೆ ನೋಡಿ ಪ್ರಶ್ನೆ ಕೇಳಲಿಲ್ಲ. ಟೀಚರಿಗೆ ಸೊಸೆಯ ನೈಟಿ, ನನಗೆ ಮಗನ ಲುಂಗಿ, ಇಬ್ಬರಿಗೂ ಬಿಸಿ ಗಂಜಿ. ಟೀಚರ್ ಬಚ್ಚಲಿಗೆ ಹೋಗಿ ಎದೆಹಾಲು ಹಿಂಡಿ ಚೆಲ್ಲಿ ಬಂದರು. ಅವರು ಒಳಗೆ ಅಳುವುದು ಹೊರಗೆ ಕೇಳಿಸುತ್ತಿತ್ತು. ಸೊಸೆ ಟಾರ್ಚು ಹಿಡಿದು ಅವರನ್ನು ಹಟ್ಟಿಯ ಹಿಂದಿನ ಬಂಡೆಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಗೆರೆ ಸಿಗ್ನಲ್ ಸಿಕ್ಕಿ, ಮಗು ಚಮಚದಲ್ಲಿ ದನದ ಹಾಲು ಕುಡಿದು ಯಜಮಾನಿಯ ಹೆಗಲಲ್ಲೇ ಮಲಗಿದೆ ಎಂದು ಗೊತ್ತಾಯಿತು. ಆ ಮಾತು ಕೇಳಿದ ಮೇಲೆ ನಾನು ಗಂಜಿಯ ಬಟ್ಟಲು ಕೈಗೆ ತೆಗೆದುಕೊಂಡೆ.

ಟೀಚರ್ ಮಲಗಿದ ಮೇಲೆ ಕುಸುಮಕ್ಕನಿಗೆ ನಡೆದದ್ದನ್ನು ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿಸಿಕೊಂಡರು.

"ಈ ಕಡವಿನ ದೋಣಿಯವ ಬಾಯಲ್ಲಿ ಓಗೊಡುದಿಲ್ಲ ಮಾಸ್ಟ್ರೇ. ಅವನಪ್ಪನೂ ಕೊಡ್ತಿರಲಿಲ್ಲ. ಕೂ ಕೇಳಿದ್ರೆ ಹುಟ್ಟಿನಲ್ಲಿ ದೋಣಿಯ ಬದಿಗೆ ಮೂರು ಸಲ ತಟ್ಟುದು. ಬಾಯಲ್ಲಿ ಬಂದ್ರೆ ಅದು ಅವನಲ್ಲ. ಅದಕ್ಕೇ ಹೇಳಿದ್ದು, ಕರೆಗೆ ಹೋಗ್ಬೇಡಿ ಅಂತ."

"ಕರೆ ಅಂದ್ರೆ ದಡ ಅಲ್ವಾ ಕುಸುಮಕ್ಕ?" ಎಂದೆ. ನನ್ನ ಸ್ವರ ನನಗೇ ಸಣ್ಣದಾಗಿ ಕೇಳಿಸಿತು.

"ದಡಕ್ಕೆ ಹೋಗದೆ ದೋಣಿ ಹತ್ತುದು ಹೇಗೆ ಮಾರಾಯ್ರೆ? ಟೀಚರಿಗೆ ಅರ್ಥ ಆಗ್ಲಿ ಅಂತ ನಾನು ಕನ್ನಡದಲ್ಲಿ ಹೇಳಿದ್ದು. ಕನ್ನಡದಲ್ಲಿ ಕರೆ ಅಂದ್ರೆ ಎಂತ? ನೀವೇ ಅಲ್ವಾ ಕನ್ನಡದ ಮಾಸ್ಟ್ರು?"

ಅರ್ಥ ಆಗಬೇಕಾದವರಿಗೆ ಅರ್ಥ ಆಗಿತ್ತು. ಅದನ್ನು ತಿದ್ದಿದವನು ನಾನು. ನೀವು ಏನಾದರೂ ಕೇಳಿದಿರಾ ಎಂದು ಕುಸುಮಕ್ಕನನ್ನು ವಿಚಾರಿಸಿದೆ. ಅವರಿಗೆ ಒಂದೇ ಸ್ವರ ಕೇಳಿಸಿತ್ತಂತೆ, ನನ್ನದು. ನಾನೇ ಕೂ ಹಾಕಿ, ನಾನೇ "ಬತ್ತೆ, ಬತ್ತೆ" ಅನ್ನುತ್ತಿದ್ದೆನಂತೆ. ಬಂದೆ, ಬಂದೆ ಅಂತ. ಹಾಗೆ ಹೇಳಿದ್ದು ನನಗೆ ನೆನಪಿಲ್ಲ.

ಬೆಳಿಗ್ಗೆ ನೀರು ಇಳಿದು ಸೇತುವೆ ಕಂಡಿತು. ಹೊರಡುವ ಮೊದಲು ಕಡವಿಗೆ ಹೋಗಿ ನೋಡಿದೆ. ಎದುರು ದಡದಲ್ಲಿ ದೋಣಿ ಸರಪಳಿಯಲ್ಲಿ ಕಟ್ಟಿತ್ತು. ದೋಣಿಯವನು ಹಿಂದಿನ ದಿನ ಬೆಳಿಗ್ಗೆಯೇ ಈಶ್ವರಮಂಗಲದ ಅಕ್ಕನ ಮನೆಗೆ ಹೋಗಿದ್ದನೆಂದು ಆಮೇಲೆ ತಿಳಿಯಿತು. ಕಡಬದಲ್ಲಿ ಟೀಚರ್ ಸ್ಕೂಟರು ನಿಲ್ಲುವ ಮೊದಲೇ ಇಳಿದು ಓಡಿದರು. ಒಳಗಿನಿಂದ ಮಗುವಿನ ಅಳು ಕೇಳಿಸಿತು, ಸ್ವಲ್ಪ ಹೊತ್ತಿನಲ್ಲಿ ನಿಂತಿತು. ನಾನು ಗೇಟಿನ ಹೊರಗೇ ನಿಂತು ಕಣ್ಣೊರೆಸಿಕೊಂಡೆ.

ಈ ಪ್ರಸಂಗ ನಮ್ಮ ಶಾಲೆಯಲ್ಲಿ ಹಬ್ಬಿತು. ಹಬ್ಬಿಸಿದ್ದು ನಾನೇ. ಟೀಚರ್ ಕುತ್ತಿಗೆ ಮಟ್ಟ ನೀರಿಗೆ ಹೋಗಿದ್ದರು, ನಾನು ಕೈ ಹಿಡಿದು ಎಳೆದೆ ಎಂದು ಎಷ್ಟು ಕಡೆ ಹೇಳಿದ್ದೇನೋ ಲೆಕ್ಕವಿಲ್ಲ. ಹೆಡ್ಮಾಸ್ಟ್ರು ಒಮ್ಮೆ ಮಕ್ಕಳೆದುರಿಗೇ ನನ್ನನ್ನು ಹೊಗಳಿದರು. ಟೀಚರ್ ಎಲ್ಲದಕ್ಕೂ ಸಣ್ಣಗೆ ನಗುತ್ತಿದ್ದರು, ಇಲ್ಲವೆನ್ನಲಿಲ್ಲ.

ಆದರೆ ಒಂದು ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ರಾತ್ರಿಯೇ ಕುಸುಮಕ್ಕನ ಜಗಲಿಯ ಹಗ್ಗದಲ್ಲಿ ನಮ್ಮಿಬ್ಬರ ಬಟ್ಟೆ ಪಕ್ಕಪಕ್ಕ ನೇತಾಡುತ್ತಿತ್ತು. ಟೀಚರ ಪ್ಯಾಂಟು ಒದ್ದೆಯಾದದ್ದು ಮೊಣಕಾಲಿನವರೆಗೆ ಮಾತ್ರ. ನನ್ನ ಅಂಗಿಯ ಕಾಲರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎದೆಯ ಜೇಬಿನಲ್ಲಿದ್ದ ನನ್ನ ಮೊಬೈಲು ಮತ್ತೆ ಜೀವ ಹಿಡಿಯಲಿಲ್ಲ. ಕಂಡಿದ್ದೆ, ಕಂಡೂ ಕಾಣದವನ ಹಾಗೆ ಮಲಗಿದೆ. ಮರುದಿನದಿಂದ ನನ್ನ ಕಥೆ ಹೇಳುತ್ತಾ ಹೇಳುತ್ತಾ ನನಗೇ ಅದು ನಿಜವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಹೋದ ವರ್ಷ ಟೀಚರಿಗೆ ಊರಿನ ಕಡೆಗೆ ವರ್ಗವಾಯಿತು. ಬೀಳ್ಕೊಡುಗೆಯಲ್ಲೂ ನಾನು ಮತ್ತೆ ಅದೇ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಮರುದಿನ ಸಂಜೆ ಪುತ್ತೂರು ಬಸ್‌ಸ್ಟ್ಯಾಂಡಿಗೆ ಅವರನ್ನು ಬಿಡಲು ಹೋದೆ. ಮಗು ಈಗ ಅಚ್ಚ ತುಳುವಿನಲ್ಲಿ "ಎಂಕ್ ಚಾಕಲೇಟ್ ಬೋಡು" ಎಂದು ಹಟ ಹಿಡಿದಿತ್ತು. ಊರಿಗೆ ಹೋದರೆ ಅಜ್ಜಿಗೆ ಇವಳ ಮಾತು ತಿಳಿಯುವುದು ಹೇಗೆ ಎಂದು ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ನಾನೇ ಕೇಳಿದೆ, "ಟೀಚರೇ, ಅವತ್ತು ಸರಿಯಾಗಿ ಎಂತ ಆದದ್ದು?"

ಅವರು ನೆಲ ನೋಡುತ್ತಾ ಹೇಳಿದರು. "ನಾ ಕಟ್ಟಿ ಮ್ಯಾಲ ನಿಂತಿದ್ನಿರಿ ಸರ. ಬಾ ಅಂತ ಕೇಳಿದ್ದು ಖರೆ. ಆದ್ರ ಕೂಸಿಗೆ ನಾ ಒಬ್ಬಾಕಿ ಅದೀನಿ ಅಂತ ಕಾಲ ಏಳಲಿಲ್ಲ. ನೀವು ಬಂದೆ ಬಂದೆ ಅನಕೋಂತ ಇಳದ್ರಿ. ನಾ ಓಡಿ ಬಂದು ಮೊಣಕಾಲ ನೀರಾಗ ನಿಂತು ನಿಮ್ಮ ಎಡಗೈ ಹಿಡದ ಜಗ್ಗೀನಿ. ದೊಡ್ಡವ್ರು, ಹೆಂಗ ಹೇಳೂದಂತ ಸುಮ್ಮನಿದ್ದೆ."

ನನ್ನನ್ನು ಬದುಕಿಸಿದವರನ್ನು ನಾಲ್ಕು ಜನರೆದುರು ಹುಚ್ಚಿ ಮಾಡಿದ್ದೆ. ಕ್ಷಮೆ ಕೇಳಿದೆ. ಇಲ್ಲಿ ಬರೆದು ಮತ್ತೊಮ್ಮೆ ಕೇಳುತ್ತಿದ್ದೇನೆ. ಆದರೆ ನನ್ನ ಮುಂದೆ ಹೆಗಲು ಮಟ್ಟ ನೀರಿನಲ್ಲಿ ಹೋಗುತ್ತಿದ್ದವರನ್ನು ಈ ಕಣ್ಣಿನಿಂದ ನೋಡಿದ್ದೇನಲ್ಲ? ಅವರು ಎಡಗೈ ಹಿಡಿದಿದ್ದರೆ ನನ್ನ ಬಲಗೈಯಲ್ಲಿದ್ದ ಆ ತಣ್ಣನೆಯ ಕೈ? ಇವತ್ತಿಗೂ ನನಗೆ ತಿಳಿದಿಲ್ಲ. ತಿಳಿದವರು ಹೇಳಬಹುದು, ಆದರೆ ಸಮಾಧಾನಕ್ಕೆಂದು ಹೇಳಬೇಡಿ.

ಬಸ್ಸು ಬಂದಿತು. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ ಟೀಚರ್ ಹಿಂತಿರುಗಿ ನಿಂತರು. "ಒಂದ ಮಾತ್ರಿ ಸರ. ನಾ ಜಗ್ಗಿದಾಗ ಅದು ನಿಮ್ಮೊಬ್ಬರ ಭಾರ ಆಗಿರಲಿಲ್ರಿ."

ಬಸ್ಸು ಹೊರಟಿತು. ಮಗು ಕಿಟಕಿಯಿಂದ ಟಾಟಾ ಮಾಡಿತು. ಪ್ರತಿಯಾಗಿ ಕೈ ಬೀಸಲು ಹೋದೆ, ಬಲಗೈ ಮೇಲೇಳಲಿಲ್ಲ. ಎಡಗೈಯಲ್ಲೇ ಬೀಸಿದೆ.